ದತ್ತು ಅರ್ಜಿ ಹಾಕಿದ್ದೀರಾ? 48 ಗಂಟೆಗೆ ಈಗಲೇ ತಯಾರಾಗಿ

ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ, ಅದರ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ ದಂಪತಿಗೆ ಪುಟ್ಟ ಮಗುವಿನ ವಿವರ ಬರುವಷ್ಟರಲ್ಲಿ ಮೂರು ವರ್ಷ ದಾಟಿರುವುದು ಈಗ ಮಾಮೂಲು. ಬಂದ ಮೇಲೆ ಮಗುವನ್ನು ಕಾಯ್ದಿರಿಸಲು ಸಿಗುವುದು ಮಾತ್ರ 48 ಗಂಟೆ. ವರ್ಷಗಟ್ಟಲೆ ಸುಮ್ಮನೆ ಕೂತಿದ್ದು, ಎರಡು ದಿನದಲ್ಲಿ ಮಗುವಿನ ವೈದ್ಯಕೀಯ ವರದಿ ಓದಿಸಲು ಡಾಕ್ಟರನ್ನು ಹುಡುಕಿಕೊಂಡು ಓಡಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಮೊದಲು ವಯಸ್ಸಿನ ಲೆಕ್ಕ. ಮದುವೆಯಾಗಿ ಎರಡು ವರ್ಷ ಆಗಿರಬೇಕು, ಮಗುವಿಗೂ ನಿಮಗೂ ಕನಿಷ್ಠ 25 ವರ್ಷ ಅಂತರವಿರಬೇಕು. 2022ರ ದತ್ತು ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100. ಐವಿಎಫ್ ಇನ್ನೊಂದು ಸಲ, ಮತ್ತೊಂದು ಸಲ ಅಂತ ಮುಂದೂಡುವವರು ಸಿಕ್ಕಿಬೀಳುವುದು ಇಲ್ಲೇ. ಆದಾಯ ಇಂತಿಷ್ಟೇ ಇರಬೇಕೆಂಬ ಮಿತಿ ಇಲ್ಲ, ಬಾಡಿಗೆ ಮನೆಯೂ ಅಡ್ಡಿಯಲ್ಲ.

ದಾಖಲೆಗಳಲ್ಲಿ ನಮ್ಮ ಕಡೆ ಹೆಚ್ಚು ಕಾಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡಕ್ಷರ, ಪ್ಯಾನ್ ಕಾರ್ಡಿನಲ್ಲಿ ಅದೇ ಅಕ್ಷರ ಬಿಡಿಸಿ ಊರು ಮತ್ತು ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಮೂರೂ ಒಬ್ಬರವೇ ಎಂದು ಪೋರ್ಟಲ್‌ಗೆ ಗೊತ್ತಾಗುವುದು ಹೇಗೆ? ನೋಂದಣಿಗೆ ಮೊದಲೇ ಸರಿಮಾಡಿಸಿ, ಯಾಕೆಂದರೆ ದಾಖಲೆ ಅಪ್‌ಲೋಡ್ ಮಾಡಲು 30 ದಿನ ಮಾತ್ರ ಕೊಡುತ್ತಾರೆ. ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಬಿಟ್ಟವರು ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಸಿಕೊಳ್ಳಿ. ವೈದ್ಯಕೀಯ ಪ್ರಮಾಣಪತ್ರ, ಆದಾಯದ ದಾಖಲೆ, ಪರಿಚಯಸ್ಥರ ಎರಡು ಪತ್ರಗಳೂ ಬೇಕು.

ಆಮೇಲೆ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ. ಅವರು ನೋಡುವುದು ಸೋಫಾ, ಟೈಲ್ಸ್ ಅಲ್ಲ. ಮಗು ಆಗದ ನೋವು ಇಬ್ಬರಲ್ಲೂ ಆರಿದೆಯೇ, ಅತ್ತೆ ಮಾವ ಒಪ್ಪಿದ್ದಾರೆಯೇ, ದತ್ತು ಎಂದು ಮಗುವಿಗೆ ಹೇಗೆ ಹೇಳುತ್ತೀರಿ, ಇವೇ ಪ್ರಶ್ನೆಗಳು. "ಹೇಳುವುದೇ ಇಲ್ಲ" ಎಂಬ ಉತ್ತರ ಅವರಿಗೆ ಹಿಡಿಸುವುದಿಲ್ಲ, ಹಿಡಿಸಲೂಬಾರದು. ಈ ಗೃಹ ಅಧ್ಯಯನ ವರದಿಗೆ ಮೂರೇ ವರ್ಷ ಆಯಸ್ಸು. ಸರದಿ ಹತ್ತಿರ ಬಂದಾಗಲೇ ಅದು ಮುಗಿದುಹೋಗುವುದುಂಟು, ನವೀಕರಣದ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕಾಯುವ ಕಾಲದಲ್ಲಿ ಮಾಡಬೇಕಾದ ಬಹು ಮುಖ್ಯ ಕೆಲಸ ಒಬ್ಬ ಮಕ್ಕಳ ತಜ್ಞರನ್ನು ಗೊತ್ತುಮಾಡಿಕೊಳ್ಳುವುದು. ರಾತ್ರಿ ವಾಟ್ಸಾಪ್ ಮಾಡಿದರೂ ಮಗುವಿನ ವೈದ್ಯಕೀಯ ವರದಿ ಓದಿ ಹೇಳುವಂಥವರು ಬೇಕು. ಫೋಟೋ ನೋಡಿ ಕಣ್ಣು ತುಂಬಿಕೊಂಡವರಿಗೆ ಅಂಕಿಗಳು ಕಾಣುವುದಿಲ್ಲ, ಅದಕ್ಕೇ ಮೂರನೆಯವರು. ತೂಕ ಕಡಿಮೆಯಿದ್ದರೆ ಅಷ್ಟು ಗಾಬರಿ ಬೇಡ, ಆರೈಕೆ ಸಿಕ್ಕರೆ ಅನೇಕ ಮಕ್ಕಳು ತುಂಬಿಕೊಳ್ಳುತ್ತವೆ. ತಲೆಯ ಸುತ್ತಳತೆ ನೋಡಿ: ದಿನ ತುಂಬಿ ಹುಟ್ಟಿದ ಮಗುವಿಗೆ ಹುಟ್ಟಿದಾಗ ಸುಮಾರು 35 ಸೆಂ.ಮೀ., ವರ್ಷ ತುಂಬುವಾಗ 45-46. ಒಂದೇ ಅಳತೆ ಇಟ್ಟುಕೊಂಡು ಏನೂ ಹೇಳಲಾಗದು, ತಿಂಗಳುವಾರು ಅಳತೆ ಕೇಳಿ ಪಡೆಯಿರಿ. ಎರಡು ತಿಂಗಳು ಮುಂಚೆ ಹುಟ್ಟಿದ ಎಂಟು ತಿಂಗಳ ಕೂಸಿನ ಬೆಳವಣಿಗೆಯನ್ನು ಆರು ತಿಂಗಳ ಕೂಸಿನದಕ್ಕೆ ಹೋಲಿಸಬೇಕು. ಎಚ್‌ಐವಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಎಂದಿದ್ದರೆ ಅಲ್ಲೇ ಕೈಬಿಡಬೇಡಿ. ಹೆತ್ತ ತಾಯಿಯ ಪ್ರತಿಕಾಯಗಳು 18 ತಿಂಗಳವರೆಗೂ ಮಗುವಿನ ರಕ್ತದಲ್ಲಿ ಉಳಿಯಬಹುದು, ಅಲ್ಲಿಯವರೆಗೆ ವೈರಸ್ಸನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆಯೇ ಆಧಾರ. ಥೈರಾಯ್ಡ್ ಮತ್ತು ಕಿವಿ ಕೇಳಿಸುವ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ ಎಂದು ಕೇಳಬಹುದು.

ಕಾಯ್ದಿರಿಸಿದ ಮೇಲೆ 30 ದಿನದೊಳಗೆ ದತ್ತು ಕೇಂದ್ರಕ್ಕೆ ಹೋಗಿ ಮಗುವನ್ನು ನೋಡಿ ಒಪ್ಪಿಗೆ ಕೊಡಬೇಕು. ಕೇಂದ್ರದಲ್ಲಿ ಆಯಾಗಳ ಹತ್ತಿರ ಕೂತು ಮಾತಾಡಿ: ಯಾವ ಹಾಲಿನ ಪುಡಿ, ಎಷ್ಟು ಹೊತ್ತಿಗೊಮ್ಮೆ, ಬಾಟಲಿಯೋ ಒಳಲೆಯೋ, ಮಲಗಿಸುವುದು ತೊಟ್ಟಿಲಲ್ಲೋ ಚಾಪೆ ಮೇಲೋ. ಮನೆಗೆ ಬಂದ ಮೊದಲ ವಾರಗಳಲ್ಲಿ ಅದೇ ಪುಡಿ, ಅದೇ ಹೊತ್ತು ಇರಲಿ. ಬಂದ ದಿನವೇ ಬ್ರಾಂಡ್ ಬದಲಿಸಿ, ಹೊಟ್ಟೆ ಕೆಟ್ಟು, ಆಸ್ಪತ್ರೆಗೆ ಓಡುವುದು ಯಾಕೆ? ಅಲ್ಲಿ ಹೊದಿಸುತ್ತಿದ್ದ ಬಟ್ಟೆಯೊಂದನ್ನು ಒಗೆಯದೆ ಕೊಡಿ ಎಂದು ಕೇಳಿ ತನ್ನಿ, ಮಗುವಿಗೆ ಆ ವಾಸನೆ ಪರಿಚಯ. ನಾಮಕರಣ, ನೆಂಟರಿಷ್ಟರ ಊಟ ಸ್ವಲ್ಪ ತಡವಾದರೆ ನಷ್ಟವಿಲ್ಲ. ಕೈಯಿಂದ ಕೈಗೆ ದಾಟುವ ಕೂಸಿಗೆ ಅಮ್ಮ ಯಾರೆಂದು ಗುರುತು ಹತ್ತುವುದು ತಡವಾಗುತ್ತದೆ.

"ಒಂದು ನರ್ಸಿಂಗ್ ಹೋಮ್‌ನಲ್ಲಿ ಮಗು ಇದೆ, ಕಾಯಬೇಕಾಗಿಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮಗುವನ್ನು ಕೊಳ್ಳುವುದು, ಮಾರುವುದು ಬಾಲನ್ಯಾಯ ಕಾಯ್ದೆಯ ಕಲಂ 81ರಡಿ ಐದು ವರ್ಷದವರೆಗೆ ಜೈಲಾಗುವ ಅಪರಾಧ.

ಮಗು ದತ್ತು ಪೂರ್ವ ಪೋಷಣೆಯಲ್ಲಿ, ಅಂದರೆ ಆದೇಶಕ್ಕೆ ಮುಂಚೆಯೇ ನಿಮ್ಮ ಆರೈಕೆಗೆ ಒಪ್ಪಿಸುವ ವ್ಯವಸ್ಥೆಯಲ್ಲಿ, ಮನೆಗೆ ಬಂದ ಮೇಲೆ ದತ್ತು ಆದೇಶ ಹೊರಡುತ್ತದೆ. 2022ರ ಸೆಪ್ಟೆಂಬರ್‌ನಿಂದ ಅದನ್ನು ಕೊಡುವವರು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಅರ್ಜಿಯ ಕರಡನ್ನು ಕೇಂದ್ರದವರು ತೋರಿಸಿದಾಗ ಮಗುವಿನ ಹೆಸರು, ಹುಟ್ಟಿದ ದಿನ, ನಿಮ್ಮಿಬ್ಬರ ಹೆಸರಿನ ಸ್ಪೆಲ್ಲಿಂಗ್ ಒಂದೊಂದಕ್ಷರ ಓದಿ. ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಆ ಆದೇಶವೇ ಮೂಲ, ತಪ್ಪಿದ್ದರೆ ತಿದ್ದಿಸಲು ಮತ್ತೆ ಅಲ್ಲಿಗೇ ಹೋಗಬೇಕು. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ನೋಡುತ್ತಾರೆ. ಮಗು ನಿದ್ದೆ ಮಾಡುತ್ತಿಲ್ಲ, ಊಟ ಬಚ್ಚಿಡುತ್ತಿದೆ ಎಂಬಂಥವನ್ನೂ ಮುಚ್ಚಿಡದೆ ಅವರಿಗೆ ಹೇಳಿ, ಸಹಾಯ ಎಲ್ಲಿ ಸಿಗುತ್ತದೆಂದು ಅವರಿಗೇ ಗೊತ್ತಿರುತ್ತದೆ.