ಚಿಕ್ಕಮಗಳೂರಲ್ಲಿ ಮನೆ ನೋಡುವುದಾದರೆ ಆರಿದ್ರ ಮಳೆಯಲ್ಲಿ ನೋಡಿ

ಚಿಕ್ಕಮಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತಾರೆ. ಶಾಲೆ ಶುರುವಾಗುವುದರೊಳಗೆ ಸೇರಿಕೊಳ್ಳಬೇಕೆಂಬ ಅವಸರ. ಆಗ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಗೋಡೆಗೆ ಹೊಸ ಬಣ್ಣ, ಒಣಗಿದ ತಾರಸಿ, ಕಿಟಕಿ ತೆಗೆದರೆ ತಂಗಾಳಿ. ಜೂನ್ ಕೊನೆಗೆ ಆರಿದ್ರ ಹುಟ್ಟಿದ ಮೇಲೆ ಮನೆಯ ನಿಜವಾದ ಸ್ಥಿತಿ ತಿಳಿಯುತ್ತದೆ. ಈ ಊರಿನಲ್ಲಿ ಮನೆಯೊಳಗೆ ನೀರು ಬರುವುದಕ್ಕೆ ಎರಡು ದಾರಿ: ನಲ್ಲಿ ಒಂದು, ಗೋಡೆ ಇನ್ನೊಂದು. ಎರಡನ್ನೂ ನೋಡಿಕೊಂಡು ಮನೆ ಹಿಡಿದರೆ ಅರ್ಧ ತಾಪತ್ರಯ ತಪ್ಪಿತು.

ಗೋಡೆಯಿಂದ ಶುರು ಮಾಡೋಣ. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಕೊಪ್ಪ, ಶೃಂಗೇರಿ ಕಡೆ ಸುರಿದಷ್ಟು ಮಳೆ ಪೇಟೆಗೆ ಬರುವುದಿಲ್ಲ, ನಡುವೆ ಚಂದ್ರದ್ರೋಣ ಬೆಟ್ಟಸಾಲು ಅಡ್ಡವಿದೆ. ಆದರೆ ಜಿಟಿಜಿಟಿ ಹಿಡಿದರೆ ದಿನಗಟ್ಟಲೆ ಬಿಸಿಲೇ ಕಾಣಿಸದು, ಗೋಡೆಗೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಎರಚಲು ಹೊಡೆಯುವುದು ಪಡುವಣ ಮತ್ತು ನೈಋತ್ಯದಿಂದ. ಹಾಗಾಗಿ ಮೊದಲು ನೋಡಬೇಕಾದ್ದು ಪಡುವಣ ಗೋಡೆ. ಅದಕ್ಕೆ ಹೊರಗಡೆ ಗಾರೆ ಆಗಿದೆಯೇ, ಕಿಟಕಿಗಳ ಮೇಲೆ ಸಜ್ಜಾ ಇದೆಯೇ, ಸಜ್ಜಾದ ಅಡಿಯಲ್ಲಿ ಅಂಚಿನುದ್ದಕ್ಕೂ ನೀರು ತೊಟ್ಟಿಕ್ಕಲು ಗೀರು ಬಿಟ್ಟಿದ್ದಾರೆಯೇ ನೋಡಿ. ಆ ಗೀರು ಇಲ್ಲದಿದ್ದರೆ ಮಳೆನೀರು ಸಜ್ಜಾದ ಕೆಳಮೈ ಹಿಡಿದು ನೇರ ಗೋಡೆಗೇ ಬರುತ್ತದೆ. ಪಕ್ಕದ ಸೈಟು ಖಾಲಿಯಿದ್ದು ಗೋಡೆಗೆ ಗಾರೆ ಮಾಡದೆ ಇಟ್ಟಿಗೆ ಹಾಗೇ ಬಿಟ್ಟಿದ್ದರೆ ಆ ಮನೆ ಬೇಡ.

ಒಳಗೆ ಒದ್ದೆ ಕಂಡರೆ ಬಣ್ಣದವರನ್ನು ಕರೆಯುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಒಂದು ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಕಟ್ಟಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಅದಕ್ಕೆ ಹೊರಗೋಡೆಯ ಬಿರುಕು ಮುಚ್ಚಿಸಬೇಕು, ಒಳಗೆ ಎಷ್ಟು ಬಣ್ಣ ಹೊಡೆದರೂ ಮುಂದಿನ ಮಳೆಗೆ ಹೊಪ್ಪಳಿಕೆ ಏಳುತ್ತದೆ. ಹನಿ ಹಾಳೆಯ ಹೊರಮೈಯಲ್ಲಿದ್ದರೆ ಅದು ಮನೆಯೊಳಗಿನ ಹಬೆ. ಅಡುಗೆಮನೆ, ಬಚ್ಚಲಿನ ಹಬೆ ಹೊರಹೋಗುವಂತೆ ಮಾಡಿದರೆ ಸಾಕು. ಒಳಗೆ ಬಟ್ಟೆ ಒಣಹಾಕುವವರ ಮನೆಯಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದೇ. ಬೀರು, ಮಂಚ ಯಾವುದನ್ನೂ ಹೊರಗೋಡೆಗೆ ಒತ್ತಿ ಇಡಬಾರದು, ನಾಲ್ಕು ಬೆರಳು ಜಾಗ ಬಿಡಿ. ಬೀರುವಿನ ಹಿಂದೆ ಗಾಳಿಯಾಡದಿದ್ದರೆ ರೇಷ್ಮೆ ಸೀರೆಗೂ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ.

ತಾರಸಿ ಸೋರುವುದು ಹೆಚ್ಚಾಗಿ ನಡುವಿನಲ್ಲಲ್ಲ, ಪ್ಯಾರಪೆಟ್ ಗೋಡೆ ಕೂಡುವ ಮೂಲೆಯಲ್ಲಿ. ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡರೆ ಆ ಮೂಲೆಯಲ್ಲಿ ನೀರು ನಿಂತು ಒಳಗಿಳಿಯುತ್ತದೆ. ಏಪ್ರಿಲ್‌ನ ಒಂದೆರಡು ಗುಡುಗುಮಳೆ ಆದ ಮರುದಿನವೇ ಮೇಲೆ ಹತ್ತಿ ನೋಡಿದರೆ ಎಲ್ಲಿ ನೀರು ನಿಲ್ಲುತ್ತದೆ ಅಂತ ತಿಳಿಯುತ್ತದೆ, ರಿಪೇರಿಗೆ ಒಂದು ತಿಂಗಳು ಸಮಯವೂ ಇರುತ್ತದೆ. ಮೇಲೆ ಶೀಟು ಹಾಕಿಸಿದ ಮನೆ ಸಿಕ್ಕರೆ ಬಿಡಬೇಡಿ. ಸೋರುವುದೂ ತಪ್ಪುತ್ತದೆ, ಬಟ್ಟೆ ಒಣಹಾಕಲು ಜಾಗವೂ ಆಗುತ್ತದೆ.

ಇನ್ನು ನಲ್ಲಿ ನೀರು. ಊರಿಗೆ ನೀರು ಬರುವುದು ಬೆಟ್ಟದ ಕಡೆಯ ಹಿರೇಕೊಳಲೆ ಕೆರೆಯಿಂದ ಮತ್ತು ಬೇಲೂರು ಬಳಿಯ ಯಗಚಿ ಜಲಾಶಯದಿಂದ. ಯಗಚಿ ನಮಗಿಂತ ತಗ್ಗಿನಲ್ಲಿದೆ, ಪಂಪಿನಿಂದಲೇ ಮೇಲೆತ್ತಬೇಕು. ಆದ್ದರಿಂದ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ, ಕೆರೆ ಕಟ್ಟೆ ತುಂಬಿ ಹರಿಯುವಾಗಲೂ ನಲ್ಲಿ ಒಣಗಬಹುದು. ಮನೆ ನೋಡುವಾಗ ಮಾಲೀಕರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ: "ಅಕ್ಕಾ, ಎಷ್ಟು ದಿನಕ್ಕೊಂದ್ಸಲ ನೀರು ಬಿಡ್ತಾರೆ? ಎಷ್ಟು ಹೊತ್ತು ಬರುತ್ತೆ?" ಬಡಾವಣೆಯಿಂದ ಬಡಾವಣೆಗೆ ಉತ್ತರ ಬೇರೆ.

ಲೆಕ್ಕ ಹೀಗೆ. ಒಬ್ಬರಿಗೆ ದಿನಕ್ಕೆ 100 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ 400. ನಾಲ್ಕು ದಿನಕ್ಕೊಮ್ಮೆ ನೀರು ಬಂದರೆ 1,600, ಒಂದು ಸರದಿ ತಪ್ಪಿದರೆ 3,200. ಅಂದರೆ 3,000 ಲೀಟರಿನ ಸಂಪು, ಮೇಲೆ 1,000 ಲೀಟರಿನ ಟ್ಯಾಂಕು ಇದ್ದರೆ ನೆಮ್ಮದಿ. ನೀರು ಬರುವ ಹೊತ್ತಿಗೆ ಹೋಗಿ 15 ಲೀಟರಿನ ಬಕೆಟ್ ಹಿಡಿದು ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 900 ಲೀಟರ್, ಎರಡು ಗಂಟೆ ಬಿಟ್ಟರೆ ಸರಿಹೋಗುತ್ತದೆ. ಸಾಲದು ಅಂತ ನಲ್ಲಿ ಪೈಪಿಗೇ ಮೋಟಾರ್ ಕೂರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೀದಿಯ ಕೊನೆಯ ಮನೆಗೆ ನೀರು ಹೋಗುವುದಿಲ್ಲ. ಜೊತೆಗೆ ಪೈಪು ಎಲ್ಲಾದರೂ ಒಡೆದಿದ್ದರೆ ಮೋಟಾರಿನ ಸೆಳೆತಕ್ಕೆ ಚರಂಡಿ ನೀರೂ ಒಳಗೆ ಬರುತ್ತದೆ.

ಸಂಪಿನ ಮುಚ್ಚಳ ನೆಲಕ್ಕಿಂತ ಅರ್ಧ ಅಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ಅಂಗಳದ ಕೆಂಪುನೀರು ಇಳಿಯುತ್ತದೆ. ಮಳೆಗಾಲದ ಮೊದಲು ತೊಳೆಸಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ತಿಳಿನೀರಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂ. ಬಕೆಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಆಮೇಲೆ ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿಯಿರಿ. ತಳದ ಸುಣ್ಣ ಚೆಲ್ಲಿಬಿಡಿ. ಒಂದು ಗಂಟೆ ಕಳೆದ ಮೇಲೆ ಬಳಸಬಹುದು. ನೀರು ಬಗ್ಗಡವಾಗಿದ್ದರೆ ಇದು ಕೆಲಸ ಮಾಡುವುದಿಲ್ಲ, ಮೊದಲು ತಿಳಿಯಾಗಲು ಬಿಡಬೇಕು. ಕುಡಿಯುವ ನೀರನ್ನಂತೂ ಕುದಿಸಿ.

ಕರೆಂಟಿಗೆ ಯುಪಿಎಸ್ ಬೇಕೇಬೇಕು. ಮಳೆಗಾಲದಲ್ಲಿ ಫ್ಯಾನ್ ಬೇಡವಾದ್ದರಿಂದ ನಾಲ್ಕು ಎಲ್‌ಇಡಿ ಬಲ್ಬು, ವೈಫೈ ಸೇರಿ 50 ವ್ಯಾಟ್ ದಾಟುವುದಿಲ್ಲ. ಒಳ್ಳೆಯ ಸ್ಥಿತಿಯ 150 ಎಎಚ್ ಬ್ಯಾಟರಿ ಹನ್ನೆರಡು ಗಂಟೆ ತಡೆಯುತ್ತದೆ. ಮೇ ತಿಂಗಳಲ್ಲೇ ಡಿಸ್ಟಿಲ್ಡ್ ವಾಟರ್ ನೋಡಿ ಹಾಕಿಸಿ. ಸಂಪಿನ ಮೋಟಾರನ್ನು ಅದು ಎಳೆಯುವುದಿಲ್ಲ, ಆದ್ದರಿಂದ ಕರೆಂಟ್ ಇದ್ದಾಗಲೇ ಮೇಲಿನ ಟ್ಯಾಂಕ್ ತುಂಬಿಸಿಕೊಳ್ಳುವ ರೂಢಿ ಇರಲಿ.

ಸೋಲಾರ್ ಬಿಸಿನೀರು ಜೂನ್‌ನಿಂದ ಆಗಸ್ಟ್‌ವರೆಗೆ ಕೈಕೊಡುತ್ತದೆ. ಹಿತ್ತಲಲ್ಲಿ ಹಂಡೆ ಒಲೆ ಇರುವ ಮನೆಯಾದರೆ ತೋಟದಿಂದ ಬರುವ ಸಿಲ್ವರ್ ಓಕ್ ಇಲ್ಲವೇ ಕಾಫಿ ಸೌದೆಯನ್ನು ಮಾರ್ಚ್‌ನಲ್ಲೇ ತರಿಸಿ, ಸೀಳಿ, ನೆಲಕ್ಕೆ ತಾಗದಂತೆ ಎರಡು ಅಡ್ಡಮರದ ಮೇಲೆ ಜೋಡಿಸಿ. ಜೂನ್‌ನಲ್ಲಿ ತಂದ ಹಸಿ ಸೌದೆ ಹೊಗೆ ಕೊಡುತ್ತದೆ, ನೀರು ಕಾಯಿಸುವುದಿಲ್ಲ.