ಗಾಡಿ ಹತ್ತಿಸಿದ ಕೈ

ಭಾನುವಾರ, 13 ಜುಲೈ 2025
ಸರಸ್ವತಿಪುರಂ, ಮೈಸೂರು

ಆಷಾಢಕ್ಕೆ ಅಂತ ಅಕ್ಕನ ಮಗಳು ತವರಿಗೆ ಬಂದಿದ್ದಾಳೆ. ಮದುವೆಯಾಗಿ ಇನ್ನೂ ಮೂರು ತಿಂಗಳು. ಗಂಡ ಮಂಡ್ಯದಲ್ಲಿ. ಒಂದು ಗಂಟೆ ದಾರಿ ಅಷ್ಟೇ, ಆದರೂ ಅಮಾವಾಸ್ಯೆ ಕಳೆಯುವ ತನಕ ಅವನು ಈ ಕಡೆ ಬರುವ ಹಾಗಿಲ್ಲ. ಅಕ್ಕನ ಮನೆ ನಮ್ಮ ಬೀದಿಯಲ್ಲೇ ಇರುವುದರಿಂದ ಸಂಜೆಯಾದರೆ ನಮ್ಮಲ್ಲಿಗೆ ಬರುತ್ತಾಳೆ. ಅಮ್ಮ, ಅವಳು, ನಾನು ಕೂತು ಹಳೇ ಕಾಲದ ಪ್ರೇಮಕಥೆಗಳ ಸಿನಿಮಾ ನೋಡುತ್ತಿದ್ದೇವೆ.

ನಿನ್ನೆ 'ಪ್ರೈಡ್ ಅಂಡ್ ಪ್ರೆಜುಡಿಸ್'. 2005ರದ್ದು, ಕೀರಾ ನೈಟ್ಲಿ ಇರುವುದು. ನಾನು ಮೊದಲಿಂದಲೂ 1995ರ ಬಿಬಿಸಿ ಧಾರಾವಾಹಿಯ ಕಡೆಯವಳು. ಆರು ಕಂತು ಇರುವುದರಿಂದ ಜೇನ್ ಆಸ್ಟಿನ್ ಕಾದಂಬರಿಯ ಮಾತುಗಳು ಅಲ್ಲಿ ಎಷ್ಟೋ ಹಾಗೇ ಉಳಿದಿವೆ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್‌ಳನ್ನು ಮೊದಲ ಸಲ ಮದುವೆ ಕೇಳುವುದು ಪುಸ್ತಕದಲ್ಲಿ ಮನೆಯೊಳಗೆ. ಧಾರಾವಾಹಿಯಲ್ಲೂ ಹಾಗೇ. ನಿಮ್ಮ ಮನೆತನ ನಮಗೆ ಸಮ ಅಲ್ಲ, ಆದರೂ ಮನಸ್ಸು ಕೇಳುತ್ತಿಲ್ಲ ಅನ್ನುವ ಧಾಟಿ ಅವನದು. ಅದನ್ನು ಎಲಿಜಬೆತ್ ನಾಲ್ಕು ಗೋಡೆ ಮಧ್ಯೆ ಕೂತು ಕೇಳಬೇಕು. ಸಿನಿಮಾದವರು ಅದನ್ನು ಸುರಿಯುವ ಮಳೆಗೆ ತಂದಿದ್ದಾರೆ. ನೋಡಲು ಚೆಂದ. ಆದರೆ ಮಳೆಯಲ್ಲಿ ನೆಂದವರು ಬೈದುಕೊಂಡರೂ ಪ್ರೇಮದ ಹಾಗೇ ಕಾಣುತ್ತದೆ. ಆ ಅವಮಾನದ ಉರಿ ಅರ್ಧ ಆರಿಹೋಗುತ್ತದೆ.

ಇಷ್ಟಾದರೂ ಅದೇ ಸಿನಿಮಾದ ಒಂದು ಗಳಿಗೆಗೆ ನಾನು ಸೋತಿದ್ದೇನೆ. ಎಲಿಜಬೆತ್ ಅಕ್ಕನ ಜೊತೆ ಊರಿಗೆ ಹೊರಟಿರುತ್ತಾಳೆ. ಗಾಡಿ ಹತ್ತುವಾಗ ಡಾರ್ಸಿ ಕೈ ಕೊಡುತ್ತಾನೆ. ಗ್ಲೌಸ್ ಇಲ್ಲದ ಕೈ. ಅವಳು ತಿರುಗಿ ನೋಡುವಷ್ಟರಲ್ಲಿ ಅವನು ಹೊರಟಾಗಿದೆ. ಆಮೇಲೆ ಕ್ಯಾಮೆರಾ ಅವನ ಕೈಯನ್ನೇ ತೋರಿಸುತ್ತದೆ. ಬೆರಳು ಐದೂ ಬಿರಿದು ಸೆಟೆದುಕೊಳ್ಳುತ್ತವೆ. ಅಷ್ಟೇ. ಇದು ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು ದೇವರಾಜ ಮಾರ್ಕೆಟ್‌ನಿಂದ ತಂದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಆ ದೃಶ್ಯಕ್ಕೆ ಅವರ ಕೈ ನಿಂತಿತು. "ಮುಟ್ಟಿದ್ದು ಈಗ ಗೊತ್ತಾಯ್ತು ನೋಡು ಅವನಿಗೆ" ಅಂದರು.

ಇವತ್ತು ಮಧ್ಯಾಹ್ನ ಎರಡು 'ದೇವದಾಸ್' ಪಕ್ಕಪಕ್ಕ ಇಟ್ಟು ನೋಡಿದೆವು, ಪೂರ್ತಿ ಅಲ್ಲ. ಶರತ್‌ಚಂದ್ರರ ಕಾದಂಬರಿ 1917ರದ್ದು. ಅದರಲ್ಲಿ ದೇವದಾಸನ ಬಾಲ್ಯದ ಗೆಳತಿ ಪಾರ್ವತಿ, ಅವನನ್ನು ಪ್ರೀತಿಸುವ ವೇಶ್ಯೆ ಚಂದ್ರಮುಖಿ ಎದುರಾಗುವುದಿಲ್ಲ. 2002ರ ಸಿನಿಮಾ ಇಬ್ಬರನ್ನೂ ಒಂದೇ ಹಾಡಿನಲ್ಲಿ ಕುಣಿಸುತ್ತದೆ. ಬಿಮಲ್ ರಾಯ್ ಅವರ 1955ರ ಸಿನಿಮಾದಲ್ಲೂ ಎದುರಾಗುತ್ತಾರೆ. ಒಬ್ಬಳು ಮೇನೆಯಲ್ಲಿ, ಒಬ್ಬಳು ನಡೆದುಕೊಂಡು. ದಾರಿಯಲ್ಲಿ ಒಮ್ಮೆ ನೋಡಿಕೊಳ್ಳುತ್ತಾರೆ, ಒಂದೂ ಮಾತಿಲ್ಲ. ಇಬ್ಬರು ನಿರ್ದೇಶಕರೂ ಕಥೆ ಬದಲಾಯಿಸಿದವರೇ. ಆದರೆ ಬಿಮಲ್ ರಾಯ್ ಆ ಕಾಲದ ಹೆಂಗಸರ ನಡುವೆ ಇದ್ದ ದೂರವನ್ನು ಹಾಗೇ ಬಿಟ್ಟರು. ಆ ದೂರ ಹೋದರೆ ಕಥೆಯಲ್ಲಿ ಉಳಿಯುವುದು ಸೀರೆ, ಒಡವೆ, ದೊಡ್ಡ ಮನೆ ಮಾತ್ರ. ನನಗಂತೂ ಹಾಗನ್ನಿಸುತ್ತದೆ. ಅಕ್ಕನ ಮಗಳು ಒಪ್ಪಲಿಲ್ಲ. ಆ ಕುಣಿತ ಬಿಟ್ಟುಕೊಡಲು ಅವಳು ತಯಾರಿಲ್ಲ.

ಸಂಜೆ ಮಾತು 'ಮೈಸೂರು ಮಲ್ಲಿಗೆ'ಗೆ ಬಂತು. ಅಮ್ಮನ ತವರು ಕಿಕ್ಕೇರಿ ಹತ್ತಿರ. ಅದನ್ನು ಬರೆದ ಕವಿ ಕೆ.ಎಸ್. ನರಸಿಂಹಸ್ವಾಮಿ ಅಮ್ಮನಿಗೆ 'ನಮ್ಮೂರ ಕಡೆಯವರು'. 1942ರ ಆ ಕವನ ಸಂಕಲನದಲ್ಲಿ ಕಥೆ ಅಂತ ಇಲ್ಲ. ನಿರ್ದೇಶಕ ನಾಗಾಭರಣ 1992ರ ಸಿನಿಮಾದಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆ ಹೆಣೆದು ಅದರೊಳಗೆ ಪದ್ಯಗಳನ್ನು ಕೂರಿಸಿದರು. ಸುಧಾರಾಣಿ ಆ ಕಾಲದ ಹುಡುಗಿಯಾಗೇ ಕಾಣುತ್ತಾರೆ. ಆದರೂ ನನ್ನ ಮನಸ್ಸಿನಲ್ಲಿ ನಿಂತಿರುವುದು ಕಥೆಗಿಂತ ಹಾಡುಗಳೇ.

ಅಮ್ಮ ರಾಯರು ಮಾವನ ಮನೆಗೆ ಬಂದ ಪದ್ಯ ಹೇಳಿದರು. ರಾತ್ರಿ ಅಳಿಯ ಬರುತ್ತಾನೆ, ಉಪಚಾರ ಎಲ್ಲ ಆಗುತ್ತದೆ, ಹೆಂಡತಿ ಮಾತ್ರ ಕಾಣುವುದಿಲ್ಲ.

"ಎಲ್ಲಿಗೆ ಹೋಗಿದ್ದಳು ಅಜ್ಜಿ?" ಅಂದಳು ಇವಳು.

"ಒಳಗಿಲ್ಲ ಅಂದ್ರೆ ಗೊತ್ತಾಗಲ್ವೇನೇ? ಬೆಳಗ್ಗೆ ನಾದಿನಿ ಬಂದು ನೀರಾಯ್ತು ಅಂತಾಳಲ್ಲ."

ಎರಡು ಗಳಿಗೆ ಬೇಕಾಯಿತು. ಆಮೇಲೆ ಕೆನ್ನೆ ಕೆಂಪಾಯಿತು. ಮೂರು ದಿನದ ವಿಷಯ ಇಡೀ ಪದ್ಯದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಳಿಯನ ಮುನಿಸು, ನಾದಿನಿಯ ತುಂಟತನ ಎಲ್ಲ ಆ ಹೇಳದೇ ಇದ್ದದ್ದರ ಸುತ್ತಲೇ.

ಅಷ್ಟರಲ್ಲಿ ಮಂಡ್ಯದಿಂದ ಫೋನ್. ಅಮ್ಮ ಕಟ್ಟಿದ್ದ ಹೂವಿನಲ್ಲಿ ಒಂದು ಮೊಳ ಕತ್ತರಿಸಿ ಅವಳ ಜಡೆಗೆ ಮುಡಿಸುತ್ತಿದ್ದರು. ಅವಳು ತಲೆ ಅಲ್ಲಾಡಿಸದೆ ಕೂತಳು. ಮೂರು ಸಲ ರಿಂಗ್ ಆಯಿತು. ಆಮೇಲೆ ಫೋನ್ ತೆಗೆದುಕೊಂಡು ಮಹಡಿಗೆ ಹೋದಳು.