ಕೇಳಿದ್ದು ಸಿಗದವರೂ ಅತ್ತೂರಿಗೆ ಬರುತ್ತಾರೆ

ಜನವರಿ ಕೊನೆ ಬಂತೆಂದರೆ ಕಾರ್ಕಳದ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರ ಬಾಯಲ್ಲೂ ಅತ್ತೂರು ಜಾತ್ರೆಯದೇ ಮಾತು. ಸಂತ ಲಾರೆನ್ಸರ ಈ ಇಗರ್ಜಿಗೆ, ಅಂದರೆ ಚರ್ಚಿಗೆ, 2016ರಲ್ಲಿ ಬಸಿಲಿಕಾ ಎಂಬ ಪದವಿ ಸಿಕ್ಕಿತು. ಪದವಿ ಸಿಗುವ ಮೊದಲೂ ಜನ ಹೀಗೇ ಬರುತ್ತಿದ್ದರು. ಕ್ರೈಸ್ತರು ಮಾತ್ರ ಅಲ್ಲ, ಎಲ್ಲ ಜಾತಿ ಮತದವರೂ ಬರುತ್ತಾರೆ. ಒಳಗೆ ಕೊಂಕಣಿಯಲ್ಲಿ ಒಂದು ಬಲಿಪೂಜೆ (ಮಾಸ್), ಕನ್ನಡದಲ್ಲಿ ಇನ್ನೊಂದು. ಹೊರಗೆ ಐಸ್‌ಕ್ರೀಮ್, ಬಳೆ, ಚರುಮುರಿ, ಮಕ್ಕಳ ಆಟದ ಸಾಮಾನು. ಸಾಲಿನಲ್ಲಿ ನಿಂತವರ ಕೈಯಲ್ಲಿ ಮೇಣದಬತ್ತಿ.

ಧರ್ಮಸಭೆಯ ಕ್ಯಾಲೆಂಡರಿನಲ್ಲಿ ಲಾರೆನ್ಸರ ಹಬ್ಬ ಆಗಸ್ಟ್ 10. ಕರಾವಳಿಯ ಆಗಸ್ಟ್ ಮಳೆಯಲ್ಲಿ ಮೇಣದಬತ್ತಿ ಹಿಡಿದು ಸಾಲು ನಿಲ್ಲುವುದನ್ನು ಸ್ವಲ್ಪ ಯೋಚಿಸಿ ನೋಡಿ. ಜಾತ್ರೆಗೆ ಜನವರಿಯೇ ವಾಸಿ.

ಆ ಬತ್ತಿಗಳ ಹಿಂದೆ ಏನೇನೋ ಹರಕೆ ಇರುತ್ತದೆ. ಮಗುವಾಗಲಿ, ಮಗನಿಗೆ ಗಲ್ಫಿನಲ್ಲಿ ಕೆಲಸ ಸಿಗಲಿ, ಗಂಡ ಕುಡಿತ ಬಿಡಲಿ, ಜಾಗದ ತಕರಾರು ಮುಗಿಯಲಿ. ಕೆಲವರು ಕೇಳಲು ಬಂದವರು. ಕೆಲವರು ಸಿಕ್ಕಿದ ಮೇಲೆ ಹರಕೆ ತೀರಿಸಲು ಬಂದವರು. ಸಿಕ್ಕಿದವರ ಕತೆ ನಾವೆಲ್ಲ ಕೇಳಿದ್ದೇವೆ, ಬಸ್ಸಿನಲ್ಲಿ ಪಕ್ಕ ಕೂತವರೇ ಹೇಳುತ್ತಾರೆ. ಇನ್ನೊಂದು ಗುಂಪಿದೆ. ಅವರು ಕೇಳಿದರು, ಸಿಗಲಿಲ್ಲ, ಆದರೂ ಬಂದಿದ್ದಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ.

ನನ್ನ ಅಮ್ಮನ ತಂಗಿ ಆ ಗುಂಪಿನವರು. ನಾವು ಮಾವ್ಶಿ ಎಂದು ಕರೆಯುತ್ತೇವೆ. ಅವರ ಮಗನ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್ ಶುರುವಾಯಿತು. ಮಗ ಗುಣವಾದರೆ ಅವನಷ್ಟೇ ಎತ್ತರದ ಬತ್ತಿ ತಂದು ಹಚ್ಚುತ್ತೇನೆ ಎಂದು ಮಾವ್ಶಿ ಹರಕೆ ಹೇಳಿಕೊಂಡರು. ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮಾಡಿದರು, ಶುಕ್ರವಾರ ಉಪವಾಸ ಹಿಡಿದರು, ಜಪಸರ ಕೈಯಿಂದ ಇಳಿಸಲಿಲ್ಲ. ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ನಡುವೆ ಅವನು ತೀರಿಕೊಂಡ. ಮೂವತ್ತು ತುಂಬಿರಲಿಲ್ಲ.

ಸಾವಿನ ಮನೆಗೆ ಬಂದವರು ಸುಮ್ನೆ ಕೂತು ಹೋಗಬಹುದಿತ್ತು. ಆದರೆ ಬಂದವರಿಗೆ ಏನಾದರೂ ಹೇಳಲೇಬೇಕು ಅನಿಸುತ್ತದೆ. ‘ದೇವರಿಗೆ ಒಳ್ಳೆಯವರು ಬೇಗ ಬೇಕಾಗುತ್ತದೆ’ ಎಂದರು ಒಬ್ಬರು. ‘ಎಲ್ಲಾ ಒಳ್ಳೆಯದಕ್ಕೇ’ ಎಂದರು ಇನ್ನೊಬ್ಬರು. ಒಬ್ಬರಂತೂ, ಅವರ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಸರಿಯಾಗಿ ನಡೆಯುತ್ತಿರಲಿಲ್ಲ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದರು. ಮೆಲ್ಲಗೆ ಹೇಳಿದ್ದು, ಆದರೂ ಕೇಳಿಸಿತು.

ಇಂಥ ಮಾತುಗಳ ಬಗ್ಗೆ ಬೈಬಲಿನಲ್ಲಿ ಒಂದಿಡೀ ಗ್ರಂಥವೇ ಇದೆ. ಯೋಬನ ಗ್ರಂಥ, 42 ಅಧ್ಯಾಯ. ಯೋಬ ಒಂದೇ ದಿನದಲ್ಲಿ ಆಸ್ತಿಯನ್ನೂ ಹತ್ತು ಮಕ್ಕಳನ್ನೂ ಕಳೆದುಕೊಂಡ. ಆಮೇಲೆ ಮೈತುಂಬ ಹುಣ್ಣಾಯಿತು. ಮೂವರು ಸ್ನೇಹಿತರು ನೋಡಲು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಷ್ಟಕ್ಕೇ ಎದ್ದು ಹೋಗಿದ್ದರೆ ಅವರಷ್ಟು ಒಳ್ಳೆಯ ಸ್ನೇಹಿತರು ಯಾರೂ ಇರುತ್ತಿರಲಿಲ್ಲ. ಆಮೇಲೆ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ, ಆಗ ಇವರೂ ಬಾಯಿ ಬಿಟ್ಟರು. ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ದೇವರು ಹೀಗೇಕೆ ಮಾಡುತ್ತಾರೆ? ಇದೇ ಮಾತನ್ನು ಮೂವರೂ ತಿರುಗಿಸಿ ತಿರುಗಿಸಿ ಹೇಳಿದರು.

ಯೋಬ ಒಪ್ಪಲಿಲ್ಲ. ದೇವರೇ ಬಂದು ಉತ್ತರ ಹೇಳಲಿ ಎಂದು ಹಟ ಹಿಡಿದ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡಿದರು. ಓದುವವರು ಈಗ ಉತ್ತರ ಬರುತ್ತದೆ ಎಂದು ಕಾಯುತ್ತಾರೆ. ಬರುವುದು ಬರೀ ಪ್ರಶ್ನೆಗಳು. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ? ಹಿಮದ ಉಗ್ರಾಣವನ್ನು ನೋಡಿದ್ದೀಯಾ? ಕಾಡುಮೇಕೆ ಮರಿ ಹಾಕುವ ಕಾಲ ನಿನಗೆ ಗೊತ್ತಾ? ಮಕ್ಕಳು ಯಾಕೆ ಸತ್ತರು ಎಂಬುದರ ಬಗ್ಗೆ ಒಂದು ಮಾತಿಲ್ಲ. ಮೊದಲ ಎರಡು ಅಧ್ಯಾಯಗಳಲ್ಲಿ ಸೈತಾನ ದೇವರಿಗೆ ಸವಾಲು ಹಾಕಿದ ಕತೆ ಓದುಗರಿಗೆ ಗೊತ್ತು. ಯೋಬನಿಗೆ ಅದನ್ನು ಯಾರೂ ಕೊನೆತನಕ ಹೇಳುವುದೇ ಇಲ್ಲ.

ಆದರೆ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ? ಜಗಳ ಮಾಡಿದ ಯೋಬನ ಮೇಲಲ್ಲ. ದೇವರ ಪರ ವಕಾಲತ್ತು ಮಾಡಿದ ಸ್ನೇಹಿತರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಬೈದರು. ಸಾವಿನ ಮನೆಗೆ ಹೊರಡುವ ಮೊದಲು ನಾವೆಲ್ಲ ಈ ಕೊನೆಯ ಅಧ್ಯಾಯವನ್ನು ಒಮ್ಮೆ ಓದಿಕೊಂಡು ಹೋದರೆ ಒಳ್ಳೆಯದು.

ಅದೇ ಅಧ್ಯಾಯದಲ್ಲಿ ಯೋಬನಿಗೆ ಮತ್ತೆ ಹತ್ತು ಮಕ್ಕಳಾದರು ಎಂದೂ ಇದೆ. ಅದನ್ನು ಮಾವ್ಶಿಗೆ ಓದಿ ಹೇಳುವ ಧೈರ್ಯ ನನಗಿಲ್ಲ. ಹೋದ ಮಕ್ಕಳ ಜಾಗವನ್ನು ಬೇರೆ ಮಕ್ಕಳು ತುಂಬುತ್ತಾರಾ? ನನಗೆ ಆ ಸಾಲು ಇವತ್ತಿಗೂ ನುಂಗಲಾರದ ತುತ್ತು.

ಇನ್ನು ಲಾರೆನ್ಸರ ವಿಷಯ. ಅವರು ರೋಮಿನ ಧರ್ಮಸಭೆಯಲ್ಲಿ ಡೀಕನ್, ಅಂದರೆ ಗುರುಗಳಿಗಿಂತ ಕೆಳಗಿನ ದರ್ಜೆಯ ಸೇವಕ, ಆಗಿದ್ದರು. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸೆಯಲ್ಲಿ ಮೊದಲು ಪೋಪ್ ಎರಡನೇ ಸಿಕ್ಸ್ತಸರನ್ನು ಕೊಂದರು. ನಾಲ್ಕು ದಿನದ ಮೇಲೆ ಲಾರೆನ್ಸರ ಸರದಿ. ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಹೇಳಿದಾಗ ಅವರು ಊರಿನ ಬಡವರನ್ನು, ಕುರುಡರನ್ನು, ಕುಂಟರನ್ನು ಕರೆತಂದು ನಿಲ್ಲಿಸಿ, ಸಭೆಯ ಸಂಪತ್ತು ಇವರೇ ಎಂದರಂತೆ. ಆಮೇಲೆ ಅವರನ್ನು ಕಾದ ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರು ಎಂಬುದು ಹಳೆಯ ಕಾಲದಿಂದ ಬಂದ ಕತೆ. ಅವರ ಚಿತ್ರಗಳಲ್ಲಿ, ಪ್ರತಿಮೆಗಳಲ್ಲಿ ಜೊತೆಗೆ ಕಾಣುವ ಆ ಜಾಲರಿ ಅದೇ.

ಅಂದು ಅವರಿಗಾಗಿ ಪ್ರಾರ್ಥಿಸಿದವರು ಇರಲಿಲ್ಲವೇ? ಅವರ ಕೈಯಿಂದ ಊಟ ಪಡೆದ ಎಷ್ಟೋ ಬಡವರು ಬೇಡಿಕೊಂಡಿರಬೇಕು. ಬೆಂಕಿ ಆರಲಿಲ್ಲ. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಇದಕ್ಕೆ ತಿರುಗುಮುರುಗಾದ ಕತೆ ಇದೆ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಮೂವರು ಯುವಕರನ್ನು ಉರಿಯುವ ಕುಲುಮೆಗೆ ಎಸೆಯುತ್ತಾನೆ. ಅವರ ಒಂದು ಕೂದಲೂ ಸುಡುವುದಿಲ್ಲ. ನಾವು ಮಕ್ಕಳಿಗೆ ಆ ಪವಾಡವನ್ನೇ ಹೇಳಿಕೊಡುತ್ತೇವೆ. ಕುಲುಮೆಗೆ ಬೀಳುವ ಮೊದಲು ಆ ಮೂವರು ಹೇಳಿದ ಮಾತನ್ನು ಅಷ್ಟಾಗಿ ಹೇಳಿಕೊಡುವುದಿಲ್ಲ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲರು. ಬಿಡಿಸದೆ ಹೋದರೂ ನಾವು ನಿನ್ನ ದೇವರುಗಳನ್ನು ಪೂಜಿಸುವುದಿಲ್ಲ ಎಂದು ಅವರು ರಾಜನಿಗೆ ಹೇಳಿದ್ದರು. ಆ ಮೂವರು ಬದುಕಿದರು, ಲಾರೆನ್ಸರು ಸತ್ತರು. ಇವರ ನಂಬಿಕೆ ಜಾಸ್ತಿ, ಅವರದು ಕಡಿಮೆ ಎಂದು ಹೇಳುವ ಬಾಯಿ ಯಾರಿಗಿದೆ?

ತಾನೇ ಬೆಂಕಿಯಿಂದ ಪಾರಾಗದವರ ಮುಂದೆ ನಿಂತು ನಾವು ನಮ್ಮನ್ನು ಪಾರು ಮಾಡಿ ಎಂದು ಕೇಳುತ್ತೇವೆ. ವಿಚಿತ್ರ ಅಲ್ವಾ? ಮಾವ್ಶಿಯಂಥವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ನೋವು ಗೊತ್ತಿರುವವರ ಹತ್ತಿರ ಮಾತಾಡುವುದೇ ಸುಲಭ ಎನ್ನುತ್ತಾರೆ ಅವರು.

ನಮ್ಮ ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲೂ ಇಂಥ ಕಾಲ ಬಂದಿತ್ತು. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಅವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಬಿಡುಗಡೆ ಆದದ್ದು 1799ರಲ್ಲಿ. ಆ 15 ವರ್ಷದಲ್ಲಿ ಅಲ್ಲೇ ಮಣ್ಣಾದವರು ತುಂಬಾ ಜನ. ಬದುಕಿ ಬಂದವರು ಮತ್ತೆ ಊರು ಸೇರಿ ಇಗರ್ಜಿಗಳನ್ನು ಕಟ್ಟಿದರು. ತಾವು ಉಳಿದು ಪಕ್ಕದವರು ಯಾಕೆ ಸತ್ತರು ಎಂಬುದಕ್ಕೆ ಅವರಲ್ಲೂ ಉತ್ತರ ಇದ್ದಿರಲಾರದು.

ಯೇಸುಸ್ವಾಮಿಯೂ ಗೆತ್ಸೆಮನೆ ತೋಟದಲ್ಲಿ, ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿದರು. ದೂರವಾಗಲಿಲ್ಲ. ಶಿಲುಬೆಯ ಮೇಲೆ, ನನ್ನನ್ನು ಯಾಕೆ ಕೈಬಿಟ್ಟಿರಿ ಎಂದು ಕೂಗಿದರು. ದೇವರ ಮಗನೇ ಕೇಳಿದ ‘ಯಾಕೆ’ಯನ್ನು ನಾವು ಕೇಳಬಾರದು ಎಂದರೆ ನಾನಂತೂ ಒಪ್ಪುವುದಿಲ್ಲ. 88ನೇ ಕೀರ್ತನೆಯನ್ನು ನೋಡಿ. ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ನಮ್ಮ ಧರ್ಮಸಭೆ ಅದನ್ನು ಮುಚ್ಚಿಡಲಿಲ್ಲ. ಪ್ರತಿ ಶುಕ್ರವಾರ ರಾತ್ರಿಯ ಪ್ರಾರ್ಥನೆಗೆ ಅದನ್ನೇ ಇಟ್ಟಿದೆ. ಲೋಕದ ನಾನಾ ಮೂಲೆಗಳಲ್ಲಿ ಫಾದರ್‌ಗಳು, ಸಿಸ್ಟರ್‌ಗಳು ಅದನ್ನು ಹೇಳಿಯೇ ಮಲಗುತ್ತಾರೆ.

ಮಗ ಹೋದ ಮುಂದಿನ ಜನವರಿಯಲ್ಲೂ ಮಾವ್ಶಿ ಅತ್ತೂರಿಗೆ ಹೋದರು. ‘ಇನ್ನೂ ಯಾಕೆ ಹೋಗುತ್ತೀರಿ?’ ಎಂದು ನಾನು ಕೇಳಿಯೇ ಬಿಟ್ಟೆ.

‘ಮತ್ತೆ ಬೇರೆ ಯಾರ ಹತ್ತಿರ ಹೋಗುವುದು ಮಾರಾಯ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಈ ಸಲ ಚೆನ್ನಾಗಿ ಬೈದು ಬಂದೆ’ ಎಂದರು.

ಯೊವಾನ್ನನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಹೇಳುವುದೂ ಇದನ್ನೇ. ಐದು ಸಾವಿರ ಜನರಿಗೆ ರೊಟ್ಟಿ ಸಿಕ್ಕಿದ ದಿನ ಎಲ್ಲರೂ ಯೇಸುವಿನ ಹಿಂದೆ ಇದ್ದರು. ಮರುದಿನ ಯೇಸು ಆಡಿದ ಮಾತು ಯಾರಿಗೂ ಅರಗಲಿಲ್ಲ. ಇದು ಕಷ್ಟದ ಮಾತು ಎಂದು ಶಿಷ್ಯರೇ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನೀವೂ ಹೋಗುತ್ತೀರಾ ಎಂದು ಯೇಸು ಹನ್ನೆರಡು ಮಂದಿಯನ್ನು ಕೇಳಿದರು. ನಮಗೆ ಎಲ್ಲ ಅರ್ಥವಾಗಿದೆ ಸ್ವಾಮೀ ಎಂದು ಪೇತ್ರ ಹೇಳಲಿಲ್ಲ. ಯಾರ ಬಳಿಗೆ ಹೋಗೋಣ, ನಿತ್ಯಜೀವದ ಮಾತು ಇರುವುದು ನಿಮ್ಮಲ್ಲೇ ಎಂದ. ಅರ್ಥವಾಗದ ವಿಷಯದಲ್ಲಿ ಅವನೂ ಹೊರಟುಹೋದವರ ಹಾಗೆಯೇ ಇದ್ದ. ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ನಂಬಿಕೆ ಎಂದರೆ ತಟ್ಟನೆ ಉತ್ತರ ಕೊಡಬಲ್ಲವರ ಗುಣ ಎಂದುಕೊಂಡಿರುವವರಿದ್ದಾರೆ. ಪೇತ್ರನನ್ನೂ ಮಾವ್ಶಿಯನ್ನೂ ನೋಡಿದ ಮೇಲೆ ನನಗೆ ಹಾಗನಿಸುವುದಿಲ್ಲ.

ಮಾವ್ಶಿ ಈಗಲೂ ಆಗಾಗ ಆ ಡಯಾಲಿಸಿಸ್ ವಾರ್ಡಿಗೆ ಹೋಗುತ್ತಾರೆ. ಹೊರಗೆ ಕಾಯುವ ತಾಯಂದಿರಿಗೆ ಫ್ಲಾಸ್ಕಿನಲ್ಲಿ ಚಹಾ ಒಯ್ಯುತ್ತಾರೆ. ಎಲ್ಲಾ ಒಳ್ಳೆಯದಕ್ಕೇ ಎಂಬ ಮಾತು ಮಾತ್ರ ಅವರ ಬಾಯಿಂದ ಬರುವುದಿಲ್ಲ. ಯಾರಾದರೂ ಅತ್ತರೆ ಪಕ್ಕದಲ್ಲಿ ಕೂರುತ್ತಾರೆ. ಅಲ್ಲಿಗೆ ಬರುವ ಒಬ್ಬ ಹುಡುಗನ ಹೆಸರು ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿದೆ. ಕರೆ ಇನ್ನೂ ಬಂದಿಲ್ಲ. ಅವನಿಗಾಗಿ ಮಾವ್ಶಿ ಹೊಸದಾಗಿ ಹರಕೆ ಹೇಳಿಕೊಂಡಿದ್ದಾರೆ.

‘ಮೊದಲಿನದೇ ನಡೆಯಲಿಲ್ಲ, ಮತ್ತೊಂದು ಹರಕೆಯಾ?’ ಎಂದು ಅವರ ಮಗಳು ಕೇಳಿದಳಂತೆ. ಮಾವ್ಶಿ ಅದಕ್ಕೆ ಏನೂ ಹೇಳದೆ, ಕಾರ್ಕಳಕ್ಕೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದರಂತೆ.